ನಾಯಿ ಗುಳಿಗೆ ನುಂಗಿದಾಗ: ದನದ ದವಾಖಾನೆಯಲ್ಲಿ ಕಲಿತ ಪಾಠಗಳು

ನಮ್ಮ ಕಡೆ ಪಶು ಆಸ್ಪತ್ರೆಗೆ ಇವತ್ತಿಗೂ ದನದ ದವಾಖಾನೆ ಅಂತಲೇ ಅನ್ನುವುದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಎಲ್ಲಿ ಹೋದರೂ ಅಂಗಳದಲ್ಲಿ ಎತ್ತು ನಿಲ್ಲಿಸುವ ಕಬ್ಬಿಣದ ಚೌಕಟ್ಟು, ಕಪಾಟಿನಲ್ಲಿ ಹಾಲುಜ್ವರಕ್ಕೆ ಕೊಡುವ ಕ್ಯಾಲ್ಸಿಯಂ ಬಾಟಲಿ, ತೊಗರಿಗೆ ಹೊಡೆದ ಎಣ್ಣೆ ನೆಕ್ಕಿದ ದನಕ್ಕೆಂದು ಅಟ್ರೋಪಿನ್. ನಾಯಿಗೆಂದೇ ಇಟ್ಟದ್ದು ರೇಬಿಸ್ ಲಸಿಕೆ, ಅದರಾಚೆ ಹೆಚ್ಚೇನಿಲ್ಲ. ಆದರೆ ಸಿಮೆಂಟ್ ಕಾರ್ಖಾನೆಯ ಕಾಲೊನಿಗಳಲ್ಲಿ, ವಾಡಿಯ ರೈಲ್ವೆ ಕ್ವಾರ್ಟರ್ಸ್‌ಗಳಲ್ಲಿ, ಈಗೀಗ ಹಳ್ಳಿಯ ಮನೆಗಳಲ್ಲೂ ನಾಯಿ ಬಾಗಿಲ ಹೊರಗೆ ಇರುವುದಿಲ್ಲ, ಮಂಚದ ಕೆಳಗೆ ಮಲಗುತ್ತದೆ. ಅದೇ ಮಂಚದ ತಲೆದಿಂಬಿನ ಪಕ್ಕ ಹಿರಿಯರ ಬಿಪಿ, ಶುಗರ್, ಮೊಣಕಾಲು ನೋವಿನ ಗುಳಿಗೆಗಳ ಚೀಲ ಇರುತ್ತದೆ. ನಾಯಿಯ ಬಾಯಿ ಆ ಚೀಲಕ್ಕೆ ಬಿದ್ದ ದಿನ ನಮಗೆ ಫೋನು ಬರುತ್ತದೆ.

ಇಂಥ ಕೇಸುಗಳನ್ನು ನೋಡುತ್ತ ನೋಡುತ್ತ ನನಗೆ ಖಾತ್ರಿಯಾದ ಮಾತು ಒಂದೇ. ನಾಯಿ ಬದುಕುವುದೋ ಬಿಡುವುದೋ ಎಂಬುದು ಬಹಳ ಸಲ ನಮ್ಮ ಮೇಜಿನ ಮೇಲೆ ತೀರ್ಮಾನವಾಗುವುದಿಲ್ಲ, ಮನೆಯಲ್ಲಿ ಕಳೆದ ಮೊದಲ ಅರ್ಧ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಕಲಬುರಗಿಯೂ ಬೀದರವೂ ದೂರ ಇರುವ ಊರುಗಳಲ್ಲಿ ಆ ಅರ್ಧ ಗಂಟೆ ಮನೆಯವರ ಕೈಯಲ್ಲಿರುತ್ತದೆ. ಅದನ್ನು ಹೇಗೆ ಬಳಸಬೇಕು ಎಂದು ತಿಳಿದಿರಲಿ ಅಂತ ಈ ಪಾಠಗಳನ್ನು ಬರೆಯುತ್ತಿದ್ದೇನೆ.

1. ಹರಿದ ಸ್ಟ್ರಿಪ್ ಬಿಸಾಡಬೇಡಿ

ಗಾಬರಿಯಲ್ಲಿ ಜನ ಮೊದಲು ಮಾಡುವ ಕೆಲಸ ನೆಲ ಗುಡಿಸುವುದು. ಕಚ್ಚಿ ಹರಿದ ಸ್ಟ್ರಿಪ್ಪು, ಅರ್ಧ ಕರಗಿದ ಗುಳಿಗೆ, ಡಬ್ಬಿ, ಎಲ್ಲ ಕಸಕ್ಕೆ ಹೋಗುತ್ತದೆ. ಆಮೇಲೆ ನನ್ನ ಮುಂದೆ ನಿಂತು "ಬಿಳೇದಿತ್ರಿ, ಸಣ್ಣದಿತ್ತು" ಅನ್ನುತ್ತಾರೆ. ಬಿಳಿ ಬಣ್ಣದ ಸಣ್ಣ ಗುಳಿಗೆ ಮೆಡಿಕಲ್ ಅಂಗಡಿಯಲ್ಲಿ ನೂರಾರು ಬಗೆ. ಹರಿದ ಚೂರುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ತನ್ನಿ. ವಾಂತಿ ಮಾಡಿದ್ದರೆ ಅದನ್ನೂ ತನ್ನಿ, ಅಸಹ್ಯ ಅಂದುಕೊಳ್ಳಬೇಡಿ.

ನಾವು ಕೇಳುವುದು ನಾಲ್ಕು ಮಾತು: ಯಾವ ಗುಳಿಗೆ, ಎಷ್ಟು ಹೋಗಿರಬಹುದು, ಎಷ್ಟು ಹೊತ್ತಾಯಿತು, ನಾಯಿಯ ತೂಕ ಎಷ್ಟು. ಗುಳಿಗೆಯ ಹೆಸರಿನ ಜತೆ ಮಿಲಿಗ್ರಾಂ ಎಷ್ಟೆಂದು ಬರೆದಿರುತ್ತದೆ, ಅದನ್ನು ಫೋನಿನಲ್ಲೇ ಓದಿ ಹೇಳಿ. ಎಷ್ಟು ತಿಂದಿದೆ ಎಂದು ಗೊತ್ತಾಗದಿದ್ದರೆ ಸ್ಟ್ರಿಪ್ಪಿನಲ್ಲಿ ಖಾಲಿ ಇರುವ ಅಷ್ಟೂ ಹೊಟ್ಟೆಗೆ ಹೋಗಿದೆ ಎಂದೇ ಹಿಡಿಯಬೇಕು. ಮನೆಯಲ್ಲಿ ಎರಡು ನಾಯಿ ಇದ್ದರೆ ಪ್ರತಿಯೊಂದೂ ಪೂರ್ತಿ ತಿಂದಿದೆ ಎಂದು ಲೆಕ್ಕ ಹಾಕಬೇಕು. ತೂಕ ಗೊತ್ತಿಲ್ಲವೇ? ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ನಮ್ಮೂರಿನ ಮನೆಗಳಲ್ಲಿ ಸಾಕುವ ಪಾಮೇರಿಯನ್ ಸಾಮಾನ್ಯವಾಗಿ ಆರೇಳು ಕಿಲೋ ಇರುತ್ತದೆ. ಅರುವತ್ತು ಕಿಲೋ ಮನುಷ್ಯನಿಗೆಂದು ಮಾಡಿದ ಗುಳಿಗೆ ಅದರ ಹೊಟ್ಟೆಯಲ್ಲಿ ಹತ್ತು ಪಟ್ಟು ಕೆಲಸ ಮಾಡುತ್ತದೆ.

2. ಯಾವ ಗುಳಿಗೆ ಎಂದು ಎರಡು ಸಲ ಕೇಳಿಕೊಳ್ಳಿ

ಇದು ತೊಗರಿ ನಾಡು. ಕಾಳು ತುಂಬಿಟ್ಟ ಕೋಣೆಗೆ ಹುಳ ಬೀಳದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡಿಗೂ ಜನ ಗುಳಿಗೆ ಅಂತಲೇ ಅನ್ನುತ್ತಾರೆ. ಅದು ಔಷಧಿ ಅಲ್ಲ, ವಿಷ. ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬಂದರೆ ನಾಯಿಯನ್ನು ಬಯಲಿಗೆ ತನ್ನಿ, ಊಟ ಹಾಕಬೇಡಿ, ವಾಹನದ ಎಲ್ಲ ಕಿಟಕಿ ತೆಗೆದೇ ಹೊರಡಿ. ಅದು ವಾಂತಿ ಮಾಡಿದರೆ ಹೊರಬರುವ ಗಾಳಿ ನಿಮಗೂ ಕುತ್ತು.

ತೊಗರಿಗೆ ಎಣ್ಣೆ ಹೊಡೆಯುವ ದಿನಗಳಲ್ಲಿ ಇನ್ನೊಂದು ಗೊಂದಲ. ಜೊಲ್ಲು ಸುರಿಸುತ್ತ, ಮೈ ನಡುಗಿಸುತ್ತ ಬಂದ ನಾಯಿ ಮನೆಯ ಗುಳಿಗೆ ತಿಂದದ್ದೋ ಹೊಲದ ಬಕೆಟ್ ನೆಕ್ಕಿದ್ದೋ ನೋಡಿ ಹೇಳುವುದು ಕಷ್ಟ, ಚಿಕಿತ್ಸೆ ಮಾತ್ರ ಬೇರೆ ಬೇರೆ. ಆವತ್ತು ನಾಯಿ ಎಲ್ಲೆಲ್ಲಿ ಹೋಗಿತ್ತು ಎಂಬುದನ್ನೂ ಹೇಳಿ.

3. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ

ಮೊದಲ ಅರ್ಧ ಗಂಟೆ ಅತಿ ಹೆಚ್ಚು ಹಾಳಾಗುವುದು ಇಲ್ಲಿ. ಉಪ್ಪುನೀರು, ಹುಣಸೆ ರಸ, ಹಸಿ ಮೊಟ್ಟೆ, ಒಳ್ಳೆಣ್ಣೆ, ಹಾಲು, ಸೋಪಿನ ನೀರು. ಓಣಿಯವರೆಲ್ಲ ಸೇರುತ್ತಾರೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲರೂ ನಾಯಿ ಉಳಿಯಲಿ ಎಂದೇ ಹೇಳುವುದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಒಂದೊಂದರ ಕಥೆ ಹೇಳಲೇಬೇಕು.

ಉಪ್ಪು: ಒಂದೆರಡು ಚಮಚ ಉಪ್ಪು ಚಿಕ್ಕ ನಾಯಿಯ ರಕ್ತದಲ್ಲಿ ಸೋಡಿಯಂ ಏರಿಸಿ ಮಿದುಳಿಗೆ ಪೆಟ್ಟು ಕೊಡುತ್ತದೆ. ಗುಳಿಗೆಯಿಂದ ಬದುಕಬಹುದಾಗಿದ್ದ ನಾಯಿ ಉಪ್ಪಿನಿಂದ ಹೋಗಬಹುದು.

ಹುಣಸೆ: ಇದನ್ನು ನಮ್ಮ ಕಡೆಯವರು ಮನಸ್ಸಿಟ್ಟು ಓದಬೇಕು. ದ್ರಾಕ್ಷಿ ತಿಂದ ನಾಯಿಗಳ ಕಿಡ್ನಿ ಏಕೆ ಕೆಡುತ್ತದೆ ಎಂದು ಹುಡುಕುತ್ತ ಹೋದ ಅಮೆರಿಕದ ಪಶುವೈದ್ಯರು ಅದಕ್ಕೆ ಟಾರ್ಟಾರಿಕ್ ಆಮ್ಲ ಕಾರಣವಿರಬೇಕು ಎಂಬಲ್ಲಿಗೆ ಬಂದು ಮುಟ್ಟಿದರು. ಹುಣಸೆ ತಿಂದ ನಾಯಿಗಳಲ್ಲೂ ಅದೇ ರೀತಿ ಕಿಡ್ನಿ ಕೆಟ್ಟದ್ದನ್ನು 2022ರಲ್ಲಿ ವರದಿ ಮಾಡಿದರು. ಹುಣಸೆಯ ಹುಳಿ ಎಂದರೆ ಟಾರ್ಟಾರಿಕ್ ಆಮ್ಲವೇ. ನಾವು ದಿನಾ ಸಾರಿಗೆ ಹಾಕುವ ಪದಾರ್ಥ, ಏನೂ ಆಗಲಿಕ್ಕಿಲ್ಲ ಎಂದುಕೊಂಡು ನಾಯಿಯ ಬಾಯಿಗೆ ಹಿಂಡಬೇಡಿ.

ಹಾಲು ಯಾವ ವಿಷವನ್ನೂ ಮುರಿಯುವುದಿಲ್ಲ. ಎಣ್ಣೆ, ಮೊಟ್ಟೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಎತ್ತಿಗೆ ಗೊಟ್ಟದಲ್ಲಿ ಔಷಧಿ ಹಾಕಿ ರೂಢಿ ಇದ್ದವರು ನಾಯಿಯ ಕತ್ತನ್ನೂ ಹಾಗೇ ಮೇಲೆತ್ತಿ ಸುರಿಯುತ್ತಾರೆ. ಆಗ ಸುರಿದ ಅರ್ಧ ಭಾಗ ಗಾಳಿಯ ನಳಿಕೆಗೆ ಹೋಗುತ್ತದೆ.

ಓದಿದವರು ಹೈಡ್ರೋಜನ್ ಪೆರಾಕ್ಸೈಡ್ ಎನ್ನುತ್ತಾರೆ. ಹೊರದೇಶದ ಪುಸ್ತಕಗಳಲ್ಲಿ ಹೇಳುವುದು 3 ಪ್ರತಿಶತದ ದ್ರಾವಣ. ನಮ್ಮ ಮೆಡಿಕಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ 6 ಪ್ರತಿಶತದ್ದು. ಅದನ್ನು ಹಾಗೇ ಕುಡಿಸಿದರೆ ಅನ್ನನಾಳ, ಜಠರ ಸುಡುತ್ತದೆ. ಸಮ ನೀರು ಬೆರೆಸಿ, ಕಿಲೋಗೆ 1 ಮಿ.ಲೀ. ಲೆಕ್ಕದಲ್ಲಿ, ನಾಯಿ ಎಷ್ಟೇ ದೊಡ್ಡದಿರಲಿ 45 ಮಿ.ಲೀ. ದಾಟದಂತೆ ಕೊಡುವುದುಂಟು, ಅದೂ ಪಶುವೈದ್ಯರು ಫೋನಿನಲ್ಲಿ ಇದ್ದು ಕೊಡಿ ಎಂದಾಗ. ನಾಯಿ ಮಂಕಾಗಿದ್ದರೆ, ತೂರಾಡುತ್ತಿದ್ದರೆ, ಸೆಳವು ಬಂದಿದ್ದರೆ, ಪಗ್ ಥರದ ಚಪ್ಪಟೆ ಮೂಗಿನದಿದ್ದರೆ ಬೇಡವೇ ಬೇಡ. ಬೆಕ್ಕಿಗೆ ಎಂದಿಗೂ ಇಲ್ಲ. ನುಂಗಿ ಎರಡು ತಾಸು ಮೀರಿದ್ದರೆ ಹೆಚ್ಚಿನ ಗುಳಿಗೆ ಆಗಲೇ ಹೊಟ್ಟೆಯಿಂದ ಕೆಳಗಿಳಿದಿರುತ್ತದೆ, ವಾಂತಿಯಿಂದ ಬರುವ ಲಾಭ ಕಡಿಮೆ.

4. 102 ಡಿಗ್ರಿ ನಾಯಿಗೆ ಜ್ವರ ಅಲ್ಲ

ಕದ್ದು ತಿಂದ ನಾಯಿಗಿಂತ ಪ್ರೀತಿಯಿಂದ ತಿನ್ನಿಸಿಕೊಂಡ ನಾಯಿಗಳನ್ನೇ ನಾನು ಹೆಚ್ಚು ನೋಡಿದ್ದೇನೆ. ಕಿವಿ ಬಿಸಿ ಇದೆ ಎಂದು ಥರ್ಮಾಮೀಟರ್ ಇಡುತ್ತಾರೆ, 102 ತೋರಿಸುತ್ತದೆ, ಒಂದು ಡೋಲೊ 650 ಬೆಲ್ಲದಲ್ಲಿಟ್ಟು ನುಂಗಿಸುತ್ತಾರೆ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅಂದರೆ ಇಲ್ಲದ ಜ್ವರಕ್ಕೆ ಔಷಧಿ ಹೋಯಿತು.

ಲೆಕ್ಕ ನೋಡಿ. ನಾಯಿಯಲ್ಲಿ ಕಿಲೋಗೆ 100 ಮಿ.ಗ್ರಾಂ ಪ್ಯಾರಾಸಿಟಮಾಲ್ ಮೀರಿದರೆ ಲಿವರ್‌ಗೆ ಅಪಾಯ. ಆರೂವರೆ ಕಿಲೋದ ಪಾಮೇರಿಯನ್‌ಗೆ 650ರ ಒಂದು ಗುಳಿಗೆ ಸರಿಯಾಗಿ ಆ ಗೆರೆಗೇ ಬಂದು ನಿಲ್ಲುತ್ತದೆ. ಸಂಜೆಗೆ ಇನ್ನೊಂದು ಕೊಟ್ಟರೆ ಮುಗಿಯಿತು. ಮೊದಲ ದಿನ ವಾಂತಿ, ಸುಸ್ತು ಅಷ್ಟೇ ಕಾಣುತ್ತದೆ. ಒಸಡು ಕೆಂಪು ಬಿಟ್ಟು ಕಂದು ಬಣ್ಣಕ್ಕೆ ತಿರುಗುವುದು, ಮುಖ ಊದುವುದು, ಎರಡು ಮೂರನೇ ದಿನಕ್ಕೆ ಕಣ್ಣಿನ ಬಿಳಿಭಾಗ ಹಳದಿಯಾಗುವುದು ಆಮೇಲಿನ ಹಂತ. ಬೆಕ್ಕಿನ ಲಿವರ್‌ನಲ್ಲಿ ಈ ಔಷಧಿ ಕರಗಿಸುವ ವ್ಯವಸ್ಥೆಯೇ ದುರ್ಬಲ. ಒಂದು ಗುಳಿಗೆ ಬೆಕ್ಕನ್ನು ಕೊಲ್ಲಬಲ್ಲದು, ತುಂಡು ಕೂಡ ಕೊಡಬಾರದು.

ನಿಜವಾದ ಜ್ವರವೂ ಇರುತ್ತದೆ, ಇಲ್ಲ ಅನ್ನುವುದಿಲ್ಲ. ನಮ್ಮ ಬಿಸಿಲು ನಾಡಿನಲ್ಲಿ ನಾಯಿ ಜ್ವರಕ್ಕೆ ದೊಡ್ಡ ಕಾರಣ ಉಣ್ಣೆಯಿಂದ ಬರುವ ಎರ್ಲಿಕಿಯಾ. ಅದು ರಕ್ತದ ಪ್ಲೇಟ್‌ಲೆಟ್ ಇಳಿಸುತ್ತದೆ. ಅಂಥ ನಾಯಿಗೆ ಆಸ್ಪಿರಿನ್ನೋ ಡೈಕ್ಲೋಫೆನಾಕೋ ಕೊಟ್ಟರೆ ಮೂಗಿನಿಂದ, ಹೊಟ್ಟೆಯೊಳಗೆ ರಕ್ತ ಒಸರುತ್ತದೆ. ಅದಕ್ಕೆ ಬೇಕಾದದ್ದು ಡಾಕ್ಸಿಸೈಕ್ಲಿನ್, ತೂಕ ನೋಡಿ, ಸಾಮಾನ್ಯವಾಗಿ 28 ದಿನ. ಜ್ವರದ ಗುಳಿಗೆ ಅಲ್ಲ.

5. ನೋವಿನ ಗುಳಿಗೆ, ಮೇ ತಿಂಗಳ ಬಿಸಿಲು

ಕಲ್ಲು ಎತ್ತುವವರ ಮನೆ, ತೊಗರಿ ಕೊಯ್ಯುವವರ ಮನೆ, ಎಲ್ಲ ಮನೆಯಲ್ಲೂ ನೋವಿನ ಗುಳಿಗೆ ಇದ್ದೇ ಇರುತ್ತದೆ. ಒಂದರಲ್ಲೇ ಎರಡು ಔಷಧಿ ಸೇರಿರುವುದು ನಮ್ಮ ದೇಶದ ರೂಢಿ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ 400, ಜತೆಗೆ ಪ್ಯಾರಾಸಿಟಮಾಲ್ 325. ಇನ್ನು ಕೆಲವದರಲ್ಲಿ ಅಸಿಕ್ಲೋಫೆನಾಕ್ ಜತೆ ಪ್ಯಾರಾಸಿಟಮಾಲ್. ಎರಡರ ಲೆಕ್ಕವನ್ನೂ ಬೇರೆ ಬೇರೆ ಹಾಕಬೇಕು.

ಐಬುಪ್ರೊಫೇನ್ ನಾಯಿಯಲ್ಲಿ ಕಿಲೋಗೆ 25 ಮಿ.ಗ್ರಾಂ ಸುತ್ತಮುತ್ತಲೇ ಹೊಟ್ಟೆಯ ಒಳಪದರ ಕೆಡಿಸತೊಡಗುತ್ತದೆ, 175 ದಾಟಿದರೆ ಕಿಡ್ನಿ. ಎಂಟು ಕಿಲೋ ನಾಯಿಗೆ ಒಂದೇ 400ರ ಗುಳಿಗೆ ಮೊದಲ ಗೆರೆಯ ಎರಡು ಪಟ್ಟು. ಮಲ ಡಾಂಬರಿನಂತೆ ಕಪ್ಪಾಗಿ ಜಿಗುಟಾಗಿದ್ದರೆ ಒಳಗೆ ರಕ್ತ ಸೋರುತ್ತಿದೆ ಎಂದು ಅರ್ಥ. ಪಶುವೈದ್ಯರೂ ಮೆಲೋಕ್ಸಿಕ್ಯಾಮ್ ಕೊಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಹೌದು, ಕಿಲೋಗೆ 0.1 ಅಥವಾ 0.2 ಮಿ.ಗ್ರಾಂ. ಮನುಷ್ಯರ 15 ಮಿ.ಗ್ರಾಂ ಗುಳಿಗೆ ಹತ್ತು ಕಿಲೋ ನಾಯಿಗೆ ಅದರ ಏಳೆಂಟು ಪಟ್ಟಿಗಿಂತ ಕಡಿಮೆಯಾಗದು.

ಏಪ್ರಿಲ್, ಮೇ ತಿಂಗಳಲ್ಲಿ ಇದು ಇನ್ನೂ ಕಠಿಣ. ಇಲ್ಲಿನ ಬಿಸಿಲು 42, 43 ಡಿಗ್ರಿ ಮುಟ್ಟುವಾಗ ನಾಯಿಯ ಮೈಯಲ್ಲಿ ನೀರೇ ಕಡಿಮೆ ಇರುತ್ತದೆ, ಆ ಹೊತ್ತಿಗೆ ಕಿಡ್ನಿಗೆ ಹೋಗುವ ರಕ್ತವನ್ನು ಈ ಗುಳಿಗೆಗಳು ಮತ್ತಷ್ಟು ತಗ್ಗಿಸುತ್ತವೆ. ಚಳಿಗಾಲದಲ್ಲಿ ಹೊಟ್ಟೆನೋವಿಗೆ ಮುಗಿಯುತ್ತಿದ್ದ ಕೇಸು ಬೇಸಿಗೆಯಲ್ಲಿ ಎರಡು ಮೂರು ದಿನ ಸಲೈನ್ ಕೇಳುತ್ತದೆ.

ನೋವಿನ ಔಷಧಿ ಪ್ರಾಣಿಗಳಿಗೆ ಏನು ಮಾಡಬಲ್ಲದು ಎಂಬುದಕ್ಕೆ ರಣಹದ್ದುಗಳ ಕಥೆ ನಮ್ಮ ಕಣ್ಣ ಮುಂದಿದೆ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಕೆಟ್ಟು ಅವು ಸಾಯುತ್ತಿವೆ ಎಂದು 2004ರಲ್ಲಿ ಗೊತ್ತಾಯಿತು, 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ಭಾರತ ನಿಷೇಧಿಸಿತು. ಅಷ್ಟರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹದ್ದು ಕಳೆದುಹೋಗಿದ್ದವು. ಒಂದು ಜೀವಕ್ಕೆ ಹಿಡಿಸಿದ್ದು ಇನ್ನೊಂದಕ್ಕೆ ಹಿಡಿಸಲೇಬೇಕೆಂದಿಲ್ಲ.

6. ಹೇಳಲಾಗದ ಗುಳಿಗೆಯನ್ನು ಒಬ್ಬರನ್ನೇ ಕರೆದು ಕೇಳಬೇಕು

ಇದು ಪಶುವೈದ್ಯ ಬಂಧುಗಳಿಗೆ ಹೇಳುವ ಪಾಠ, ಮನೆಯವರಿಗೂ ಹೌದು.

ಶಹಾಬಾದ ಕಡೆಯ ಒಂದು ಮನೆಯವರು ಸೆಳವು ಬರುತ್ತಿದ್ದ ನಾಯಿಯನ್ನು ಆಟೋದಲ್ಲಿ ತಂದರು. ನಾಟಿ ನಾಯಿ, ಹತ್ತು ಹನ್ನೆರಡು ಕಿಲೋ ಇರಬೇಕು. ಕೈಕಾಲು ಸೆಟೆದು, ಹಲ್ಲು ಕಚ್ಚಿ, ಬಾಯಲ್ಲಿ ನೊರೆ. "ಮನ್ಯಾಗ ಯಾರಿಗೆ ಏನ್ ಔಷಧಿ ನಡ್ದದ?" ಎಂದೆ. "ಯಾರಿಗೂ ಏನಿಲ್ರಿ ಸಾಹೇಬ್ರೆ" ಎಂದ ಯಜಮಾನ. ಜತೆಗೆ ಓಣಿಯ ನಾಲ್ಕು ಜನ ನಿಂತಿದ್ದರು. ಅಷ್ಟರಲ್ಲಿ ನಾಯಿ ಉಚ್ಚೆ ಹೊಯ್ದಿತು. ಬಿಳಿ ಟೈಲ್ಸ್ ಮೇಲೆ ಕಿತ್ತಳೆಗೆಂಪು ಬಣ್ಣ. ರಕ್ತ ಎಂದು ಎಲ್ಲರೂ ಕೂಗಿದರು. ಅದು ರಕ್ತ ಆಗಿರಲಿಲ್ಲ; ತಿಳಿಯಾಗಿತ್ತು, ಹತ್ತಿಯಲ್ಲಿ ಒರೆಸಿದರೆ ಕೇಸರಿ ಬಣ್ಣ ಹತ್ತುತ್ತಿತ್ತು. ಉಚ್ಚೆಗೆ ಇಂಥ ಬಣ್ಣ ತರುವ ಔಷಧಿ ರಿಫಾಂಪಿಸಿನ್. ಮನೆಯ ಸೊಸೆಯನ್ನು ಒಳಗೆ ಕರೆದು "ತಂಗೀ, ಟಿಬಿ ಗುಳಿಗಿ ಮನ್ಯಾಗ ಅದಾವೇನು?" ಎಂದೆ. "ಮಾವಂದು ಅದಾವ್ರಿ. ಓಣ್ಯಾಗ ಯಾರಿಗೂ ಹೇಳಿಲ್ಲ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಸರ್ಕಾರ ಉಚಿತವಾಗಿ ಕೊಡುವ ಟಿಬಿ ಗುಳಿಗೆಯಲ್ಲಿ ನಾಲ್ಕು ಔಷಧಿ ಒಟ್ಟಿಗೆ ಇರುತ್ತವೆ, ಒಂದೊಂದರಲ್ಲಿ ಐಸೋನಿಯಾಜಿಡ್ 75 ಮಿ.ಗ್ರಾಂ. ಮನುಷ್ಯನ ಒಂದು ದಿನದ ನಾಲ್ಕು ಗುಳಿಗೆ ಎಂದರೆ 300 ಮಿ.ಗ್ರಾಂ. ಮನುಷ್ಯರ ಲಿವರ್ ಇದನ್ನು ಕರಗಿಸಲು ಬಳಸುವ ಕಿಣ್ವ ನಾಯಿಯ ಜಾತಿಗೇ ಇಲ್ಲ. ಅರ್ಧ ತಾಸಿನಿಂದ ಕೆಲವೇ ತಾಸುಗಳಲ್ಲಿ ಸೆಳವು ಹಿಡಿಯುತ್ತದೆ, ಡಯಾಜೆಪಾಮ್ ಒಂದರಿಂದ ನಿಲ್ಲದೆ ಹೋಗಬಹುದು. ಇದರ ಮದ್ದು ವಿಟಮಿನ್ ಬಿ6, ಪಿರಿಡಾಕ್ಸಿನ್. ಎಷ್ಟು ಐಸೋನಿಯಾಜಿಡ್ ಹೊಟ್ಟೆಗೆ ಹೋಗಿದೆಯೋ ಅಷ್ಟೇ ತೂಕದ ಪಿರಿಡಾಕ್ಸಿನ್ ಕೊಡಬೇಕು. ರೋಗದ ಹೆಸರು ಹೊರಬೀಳದಿದ್ದರೆ ಮದ್ದಿನ ಹೆಸರು ಹೊಳೆಯುವುದಿಲ್ಲ. ಆ ನಾಯಿ ಉಳಿಯಿತು.

ಟಿಬಿ, ಮಾನಸಿಕ ಕಾಯಿಲೆ, ಗರ್ಭಪಾತದ ಗುಳಿಗೆ, ಎಚ್‌ಐವಿ. ಇವುಗಳ ಔಷಧಿಯನ್ನು ಜನ ಕಪಾಟಿನಲ್ಲಿ ಇಡುವುದಿಲ್ಲ, ಯಾರ ಕಣ್ಣಿಗೂ ಬೀಳದಂತೆ ಮಂಚದ ಕೆಳಗೆ, ಜೋಳದ ಚೀಲದ ಹಿಂದೆ ಇಡುತ್ತಾರೆ. ಅದು ನಾಯಿಯ ಮೂಗಿನ ಎತ್ತರ. ಮನೆಯವರಲ್ಲಿ ನನ್ನ ಕೋರಿಕೆ: ಜನರೆದುರು ಹೇಳಬೇಡಿ, ವೈದ್ಯರ ಕಿವಿಯಲ್ಲಿ ಹೇಳಿ. ಅದು ಅಲ್ಲೇ ಉಳಿಯುತ್ತದೆ, ಉಳಿಯಬೇಕು.

7. ಶಕ್ತಿಗೆಂದು ಕೊಡುವುದೂ ವಿಷವಾಗುತ್ತದೆ

ಗರ್ಭಿಣಿಯರಿಗೆ ಆಶಾ ಕಾರ್ಯಕರ್ತೆಯರು ಮನೆಗೆ ತಂದು ಕೊಡುವ ಕೆಂಪು ಗುಳಿಗೆಗೆ ಸಕ್ಕರೆಯ ಲೇಪ ಇರುತ್ತದೆ. ಒಂದರಲ್ಲಿ 60 ಮಿ.ಗ್ರಾಂ ಕಬ್ಬಿಣ. ನಾಯಿಗೆ ಅದು ಪೆಪ್ಪರ್‌ಮಿಂಟ್. ಹತ್ತು ಕಿಲೋ ನಾಯಿ ಹತ್ತು ಗುಳಿಗೆ ತಿಂದರೆ ಕಿಲೋಗೆ 60 ಮಿ.ಗ್ರಾಂ, ಜೀವಕ್ಕೆ ಕುತ್ತಾಗುವ ಗೆರೆ. ಇದರ ಮೋಸ ಬೇರೆ ಥರದ್ದು. ಮೊದಲ ಆರು ತಾಸು ವಾಂತಿ, ರಕ್ತಭೇದಿ. ಆಮೇಲೆ ನಾಯಿ ಎದ್ದು ನೀರು ಕುಡಿಯುತ್ತದೆ, ಬಾಲ ಅಲ್ಲಾಡಿಸುತ್ತದೆ, ಮನೆಯವರು ಗಂಡಾಂತರ ಕಳೆಯಿತು ಎಂದು ವಾಪಸು ಕರೆದೊಯ್ಯುತ್ತಾರೆ. ಮರುದಿನ ಲಿವರ್ ಕೈಕೊಟ್ಟು ನಾಯಿ ಕುಸಿಯುತ್ತದೆ. ಹೊಟ್ಟೆಯಲ್ಲಿನ ವಿಷ ಹೀರಲೆಂದು ಕೊಡುವ ಇದ್ದಿಲು ಪುಡಿ ಕಬ್ಬಿಣವನ್ನು ಹಿಡಿಯುವುದಿಲ್ಲ. ನಡುವೆ ಸುಧಾರಿಸಿದಂತೆ ಕಂಡರೂ ಎರಡು ಮೂರು ದಿನ ವೈದ್ಯರ ಕಣ್ಣಿನಡಿ ಇರಬೇಕು.

ವಾರಕ್ಕೊಮ್ಮೆ ಹಾಲಿನಲ್ಲಿ ಹಾಕಿ ಕುಡಿಯುವ ವಿಟಮಿನ್ ಡಿ 60,000 ಯೂನಿಟ್‌ನ ಪಾಕೀಟು ಇನ್ನೊಂದು. ಹತ್ತು ಕಿಲೋ ನಾಯಿಗೆ ಒಂದು ಪಾಕೀಟೇ ಎಚ್ಚರಿಕೆಯ ಗೆರೆ ದಾಟಿಸುತ್ತದೆ. ನಾಲ್ಕು ಪಾಕೀಟು ತಿಂದರೆ ರಕ್ತದ ಕ್ಯಾಲ್ಸಿಯಂ ಏರಿ ಕಿಡ್ನಿ ಹೋಗಬಹುದು. ಲಕ್ಷಣ ಕಾಣುವುದು ಒಂದು ದಿನದಿಂದ ಮೂರು ದಿನದ ಮೇಲೆ: ವಿಪರೀತ ನೀರು ಕುಡಿಯುವುದು, ವಿಪರೀತ ಉಚ್ಚೆ, ಊಟ ಬಿಡುವುದು. ಸೋರಿಯಾಸಿಸ್‌ಗೆ ಹಚ್ಚುವ ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಕೂಡ ಇದೇ ಜಾತಿ. ಮುಲಾಮು ಹಚ್ಚಿದ ಕೈ ನಾಯಿ ನೆಕ್ಕದಂತೆ ನೋಡಿಕೊಳ್ಳಿ.

8. ಬಿಪಿ ಗುಳಿಗೆ ಸಣ್ಣದು, ಅದರ ಕೆಲಸ ದೊಡ್ಡದು

ಆಮ್ಲೋಡಿಪಿನ್ 5 ಮಿ.ಗ್ರಾಂ ಎಂದರೆ ಜನ ನಗುತ್ತಾರೆ, ಐದೇ ಅಲ್ಲವೇ ಎಂದು. ನಾಯಿಗೆ ನಾವು ಕೊಡುವುದಾದರೆ ಕಿಲೋಗೆ 0.1 ಮಿ.ಗ್ರಾಂನಿಂದ ಶುರು. ಆರು ಕಿಲೋ ನಾಯಿ ಒಂದು ಗುಳಿಗೆ ನುಂಗಿದರೆ ಎಂಟು ಪಟ್ಟು. ಕೆಲವು ತಾಸು ಏನೂ ಆಗದಂತಿದ್ದು ಆಮೇಲೆ ರಕ್ತದೊತ್ತಡ ಬಿದ್ದು ಮಲಗಿಬಿಡುತ್ತದೆ. ಹೃದಯ ಬಡಿತ ನೋಡುತ್ತ ನಿಧಾನವಾಗಿ ರಕ್ತಕ್ಕೆ ಬಿಡುವ ಕ್ಯಾಲ್ಸಿಯಂ ಇದಕ್ಕೆ ಮದ್ದು. ಕ್ಯಾಲ್ಸಿಯಂ ಇಲ್ಲದ ದನದ ದವಾಖಾನೆ ನಾನು ನೋಡಿಲ್ಲ. ಅದಕ್ಕೇ ಹೇಳುವುದು, ದೊಡ್ಡ ಊರಿಗೆ ಓಡುವ ಮೊದಲು ಹತ್ತಿರದ ದವಾಖಾನೆಗೆ ಬನ್ನಿ.

ಶುಗರ್ ಗುಳಿಗೆಗಳಲ್ಲಿ ಮೆಟ್‌ಫಾರ್ಮಿನ್ ಒಂದೇ ಆದರೆ ಹೆಚ್ಚಾಗಿ ವಾಂತಿ ಭೇದಿಗೆ ಮುಗಿಯುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಸೇರಿದ್ದರೆ ರಕ್ತದ ಸಕ್ಕರೆ ಬೀಳುತ್ತದೆ, ಇಡೀ ದಿನ ಬೀಳುತ್ತಲೇ ಇರಬಹುದು. ನಾಯಿ ತೂರಾಡತೊಡಗಿದರೆ ಬೆಲ್ಲದ ನೀರನ್ನು ಬೆರಳಿನಿಂದ ಒಸಡಿಗೆ ಸವರಿ ಹೊರಡಿ. ಸುರಿಯಬೇಡಿ, ಸವರಿ.

9. ಕಚ್ಚಿದ ಇನ್‌ಹೇಲರ್

ಸಿಮೆಂಟಿನ ಊರುಗಳಲ್ಲಿ, ಪಾಲಿಶ್ ಯಂತ್ರಗಳ ಧೂಳಿನ ನಡುವೆ ಇರುವವರ ಮನೆಯಲ್ಲಿ ಉಬ್ಬಸದ ಇನ್‌ಹೇಲರ್ ಸಾಮಾನ್ಯ. ಸಾಲ್ಬುಟಮಾಲ್ ಡಬ್ಬಿಯಲ್ಲಿ 200 ಸಲ ಎಳೆಯುವಷ್ಟು ಔಷಧಿ ಇರುತ್ತದೆ. ನಾಯಿಯ ಹಲ್ಲು ತೂತು ಮಾಡಿದರೆ ಅದೆಲ್ಲ ಒಂದೇ ಉಸಿರಿಗೆ ಬಾಯೊಳಗೆ ಬುಸ್ಸೆನ್ನುತ್ತದೆ. ಕೆಲವೇ ನಿಮಿಷದಲ್ಲಿ ಎದೆ ಲೆಕ್ಕ ಹಾಕಲಾಗದಷ್ಟು ವೇಗ, ಏದುಸಿರು, ಆಮೇಲೆ ಪೊಟ್ಯಾಸಿಯಂ ಇಳಿದು ಕಾಲು ಸೋಲುವುದು. ಇಲ್ಲಿ ವಾಂತಿ ಮಾಡಿಸಿ ಉಪಯೋಗವಿಲ್ಲ, ಔಷಧಿ ಆಗಲೇ ರಕ್ತದಲ್ಲಿದೆ. ತೂತು ಬಿದ್ದ ಡಬ್ಬಿ ತನ್ನಿ, ನಾಯಿಯನ್ನು ನಡೆಸಬೇಡಿ, ಎತ್ತಿಕೊಂಡು ಬನ್ನಿ.

10. ಎಲ್ಲದಕ್ಕೂ ಎದೆ ಒಡೆದುಕೊಳ್ಳಬೇಕಿಲ್ಲ

ಥೈರಾಯ್ಡ್ ಗುಳಿಗೆ ನುಂಗಿತೆಂದು ಅಳುತ್ತ ಬರುತ್ತಾರೆ. ಥೈರಾಕ್ಸಿನ್ ನಾಯಿಗಳಿಗೆ ನಾವೇ ಕೊಡುವುದು ಕಿಲೋಗೆ 20 ಮೈಕ್ರೋಗ್ರಾಂ ಲೆಕ್ಕದಲ್ಲಿ, ಮನುಷ್ಯರಿಗಿಂತ ಬಹಳ ಹೆಚ್ಚು. ಹತ್ತು ಕಿಲೋ ನಾಯಿ 100 ಮೈಕ್ರೋಗ್ರಾಂನ ಎರಡು ಗುಳಿಗೆ ತಿಂದರೆ ಅದು ನಮ್ಮ ಚೀಟಿಯ ಪ್ರಮಾಣವೇ. ಒಂದೆರಡು ಆಂಟಿಬಯಾಟಿಕ್ ಗುಳಿಗೆ, ಒಂದೆರಡು ಗ್ಯಾಸಿನ ಗುಳಿಗೆ ಹೆಚ್ಚಾಗಿ ಹೊಟ್ಟೆ ಕೆಡಿಸಿ ಬಿಡುತ್ತವೆ. ಫೋನ್ ಮಾಡಿ ಕೇಳಿ, ಅಷ್ಟೇ.

11. ಮದ್ದು ನಿಮ್ಮ ಓಣಿಯ ಮೆಡಿಕಲ್‌ನಲ್ಲೇ ಇದೆ

ನಾಯಿಗೆ ಬೇಕಾದ ಪ್ರತಿವಿಷ ಹೈದರಾಬಾದಿನಲ್ಲೇ ಸಿಗುತ್ತದೆ ಎಂಬ ನಂಬಿಕೆ ಇದೆ. ಪ್ಯಾರಾಸಿಟಮಾಲ್‌ಗೆ ಮದ್ದಾದ ಎನ್-ಅಸಿಟೈಲ್‌ಸಿಸ್ಟೀನ್, ಕಫ ಕರಗಿಸಲು ನೀರಿಗೆ ಹಾಕಿದರೆ ಬುರುಬುರು ನೊರೆ ಬರುವ 600 ಮಿ.ಗ್ರಾಂ ಗುಳಿಗೆಯಾಗಿ ಬಹುತೇಕ ಮೆಡಿಕಲ್‌ಗಳಲ್ಲಿದೆ. ಮೊದಲ ಸಲ ಕಿಲೋಗೆ 140 ಮಿ.ಗ್ರಾಂ, ಆಮೇಲೆ ಆರು ತಾಸಿಗೊಮ್ಮೆ 70. ಪಿರಿಡಾಕ್ಸಿನ್ ಟಿಬಿ ರೋಗಿಗೆ ಜತೆಯಲ್ಲೇ ಕೊಟ್ಟಿರುತ್ತಾರೆ, ಅಂಗಡಿಯಲ್ಲೂ ಸಿಗುತ್ತದೆ. ಇಂಜೆಕ್ಷನ್ ಇಲ್ಲದಿದ್ದರೆ ಗುಳಿಗೆ ಅರೆದು ನಳಿಕೆಯಿಂದ ಹೊಟ್ಟೆಗೆ ಬಿಡಬಹುದು. ಪ್ಯಾಂಟೊಪ್ರಜೋಲ್, ಸುಕ್ರಾಲ್ಫೇಟ್, ಗ್ಲೂಕೋಸ್ ಎಲ್ಲ ಅಲ್ಲೇ ಇವೆ. ಇವನ್ನು ನೀವೇ ಕೊಡಿ ಎಂದು ನಾನು ಹೇಳುತ್ತಿಲ್ಲ. ವೈದ್ಯರು ಫೋನಿನಲ್ಲಿ ಹೆಸರು ಹೇಳಿದರೆ ಮನೆಯ ಒಬ್ಬರು ಅಂಗಡಿಗೆ, ಇನ್ನೊಬ್ಬರು ನಾಯಿ ಎತ್ತಿಕೊಂಡು ದವಾಖಾನೆಗೆ, ಹಾಗೆ ಹೊತ್ತು ಉಳಿಸಬಹುದು.

ಇದ್ದಿಲಿನ ಬಗ್ಗೆ ಒಂದು ಮಾತು. ಔಷಧದ ಸಕ್ರಿಯ ಇದ್ದಿಲು ಕಿಲೋಗೆ 1ರಿಂದ 2 ಗ್ರಾಂ ಬೇಕು. 250 ಮಿ.ಗ್ರಾಂ ಗುಳಿಗೆಗಳಾದರೆ ಹತ್ತು ಕಿಲೋ ನಾಯಿಗೆ ಕಡಿಮೆಯೆಂದರೂ ನಲವತ್ತು. ಪುಡಿಯ ರೂಪದ್ದೇ ಕೆಲಸಕ್ಕೆ ಬರುವುದು. ಒಲೆಯ ಕೆಂಡದ ಇದ್ದಿಲು, ಸುಟ್ಟ ರೊಟ್ಟಿ ಏನೂ ಮಾಡುವುದಿಲ್ಲ.

12. ದಾರಿ ಮೊದಲೇ ಗೊತ್ತಿರಲಿ

ತಾಲ್ಲೂಕಿನ ಪಶು ಆಸ್ಪತ್ರೆಯ ವೈದ್ಯರ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಉಚಿತ ಸಂಖ್ಯೆ ಮುಖ್ಯವಾಗಿ ದನಕರುಗಳಿಗಾಗಿ ಇದ್ದರೂ ಕರೆ ಮಾಡಿ ಕೇಳುವುದರಲ್ಲಿ ತಪ್ಪಿಲ್ಲ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಶಹಾಬಾದ, ವಾಡಿ, ಚಿತ್ತಾಪುರದವರಿಗೆ ಕಲಬುರಗಿ. ಚಿಂಚೋಳಿಯವರು ಬೀದರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಮರೆಯಬಾರದು. ಸೇಡಂನವರು ತಾಂಡೂರಿಗೆ, ಕೊಂಚಾವರಂ ಕಡೆಯ ತಾಂಡಾದವರು ಜಹೀರಾಬಾದಿಗೆ ಹೋಗುವುದೂ ಉಂಟು. ರಾಜ್ಯದ ಗಡಿ ನಾಯಿಗೆ ಲೆಕ್ಕಕ್ಕಿಲ್ಲ, ಯಾವುದು ಹತ್ತಿರವೋ ಅದೇ ಸರಿ. ಆದರೆ ಹೊರಡುವ ಮೊದಲು ಅಲ್ಲಿ ವೈದ್ಯರು ಇದ್ದಾರೆಯೇ ಎಂದು ಫೋನ್ ಮಾಡಿ. ಭಾನುವಾರ ಸಂಜೆ ಮುಚ್ಚಿದ ಬಾಗಿಲ ಮುಂದೆ ನಾಯಿ ಹಿಡಿದು ನಿಂತವರನ್ನು ನಾನು ಕಂಡಿದ್ದೇನೆ.

ದಾರಿಯಲ್ಲಿ ನಾಯಿಯನ್ನು ಬಲ ಅಥವಾ ಎಡ ಮಗ್ಗುಲಿಗೆ ಮಲಗಿಸಿ, ತಲೆ ಸ್ವಲ್ಪ ಕೆಳಗೆ, ಬಾಯಿಗೆ ಬಟ್ಟೆ ಕಟ್ಟಬೇಡಿ, ವಾಂತಿ ಬಂದರೆ ಉಸಿರು ಕಟ್ಟುತ್ತದೆ. ಹತ್ತು ನಿಮಿಷಕ್ಕೊಮ್ಮೆ ತುಟಿ ಎತ್ತಿ ಒಸಡಿನ ಬಣ್ಣ ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ತಡವಾದರೆ ಚಾಲಕನಿಗೆ ಬೇಗ ಓಡಿಸಲು ಹೇಳಿ, ವೈದ್ಯರಿಗೆ ಫೋನಿನಲ್ಲಿ ತಿಳಿಸಿ.

13. ಮೂರನೇ ದಿನದ ರಕ್ತ ಪರೀಕ್ಷೆ

ನಾಯಿ ಎದ್ದು ಓಡಾಡತೊಡಗಿದ ಮೇಲೆ ಯಾರೂ ಮತ್ತೆ ಬರುವುದಿಲ್ಲ. ಪ್ಯಾರಾಸಿಟಮಾಲ್, ಕಬ್ಬಿಣ, ವಿಟಮಿನ್ ಡಿ, ನೋವಿನ ಗುಳಿಗೆ, ಈ ನಾಲ್ಕರಲ್ಲಿ ಯಾವುದು ತಿಂದಿದ್ದರೂ ಎರಡನೇ, ಮೂರನೇ ದಿನ ಲಿವರ್, ಕಿಡ್ನಿಯ ಪರೀಕ್ಷೆ ಆಗಲೇಬೇಕು. ವಿಟಮಿನ್ ಡಿ ಆದರೆ ಕ್ಯಾಲ್ಸಿಯಂ ಕೂಡ. ಊರಿನ ಲ್ಯಾಬ್‌ನವರು ನಾಯಿಯ ರಕ್ತ ತೆಗೆಯುವುದಿಲ್ಲ ಎನ್ನಬಹುದು. ನಾವು ರಕ್ತ ತೆಗೆದು ಟ್ಯೂಬಿನಲ್ಲಿ ಹಾಕಿ ಕೊಡುತ್ತೇವೆ, ನೀವು ಲ್ಯಾಬಿಗೆ ಒಯ್ದು ಕೊಡಿ, ಯಂತ್ರಕ್ಕೆ ಅಡ್ಡಿಯಿಲ್ಲ. ಬಂದ ಚೀಟಿಯಲ್ಲಿ ಅಚ್ಚಾಗಿರುವ ಸಹಜ ಮಿತಿ ಮನುಷ್ಯರದ್ದು. ಅದನ್ನು ನೋಡಿ ನೀವೇ ಸಮಾಧಾನ ಮಾಡಿಕೊಳ್ಳದೆ ಪಶುವೈದ್ಯರಿಗೆ ತೋರಿಸಿ.